ಹಾಡು ಎಲ್ಲಿದೆ ಎಂದು ಕೇಳುವುದು, ಹಾಡನ್ನು ಕೇಳುವುದು

ಏಪ್ರಿಲ್ 14ರಿಂದ ಬುದ್ಧ ಪೂರ್ಣಿಮೆಯವರೆಗೆ ನಮ್ಮವರಿಗೆ ಹಾಡಿನ ಕಾಲ. ಕಲಬುರಗಿ, ರಾಯಚೂರು ಕಡೆ ಹಗಲು ಬಿಸಿಲು 40 ಡಿಗ್ರಿ ದಾಟಿರುತ್ತದೆ, ಹೊರಗೆ ಕಾಲಿಡಲಾಗದು. ಹೊತ್ತು ಮುಳುಗಿ ನೆಲದ ಕಾವು ಸ್ವಲ್ಪ ಇಳಿದ ಮೇಲೆ ಬಯಲಿನಲ್ಲಿ ತಾಡಪತ್ರಿ ಹಾಸುತ್ತಾರೆ. ಹಾರ್ಮೋನಿಯಂ ಬರುತ್ತದೆ, ಢೋಲಕ್ ಬರುತ್ತದೆ, ಎಲ್ಲೋ ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಹುಡುಗರು ತಮಟೆ ಕಾಯಿಸುತ್ತಿರುತ್ತಾರೆ. ಬೀದರ್ ಕಡೆಯಾದರೆ ಕನ್ನಡದ ಜೊತೆಗೆ ಮರಾಠಿ ಭೀಮಗೀತೆಗಳೂ ನಡೆಯುತ್ತವೆ. ಅಜ್ಜಿಯರು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಾರೆ. ಮಕ್ಕಳು ಎರಡನೇ ಹಾಡಿಗೇ ಮಡಿಲಲ್ಲಿ ನಿದ್ದೆ.

ಹೀಗೆ ಕೂತಿರುವಾಗ ಮನಸ್ಸಿಗೆ ಹಿತವಾಗುತ್ತದಲ್ಲ, ಅದು ತೃಷ್ಣೆಯೋ? ಈ ಪ್ರಶ್ನೆಯನ್ನು ಹೊಸದಾಗಿ ಧಮ್ಮಕ್ಕೆ ಬಂದವರು ಹಲವು ಸಲ ಕೇಳುತ್ತಾರೆ. ತೃಷ್ಣೆಯೇ ದುಃಖಕ್ಕೆ ಕಾರಣ ಎಂದು ಓದಿರುತ್ತಾರೆ. ಹಾಡು ಕೇಳಿದರೆ ಇನ್ನೊಂದು ಬೇಕೆನಿಸುತ್ತದೆ. ಹಾಗಾದರೆ ಬೌದ್ಧರಾದವರು ಹಾಡಿಗೆ ಹೋಗಬಾರದೇ? ಕೆಲವು ಹಿರಿಯರು ಹೌದು ಎಂದೇ ಹೇಳಿಬಿಡುತ್ತಾರೆ. ಹಾಗೆ ಹೇಳುವುದು ಆತುರದ ಉತ್ತರ ಎಂದು ನಮಗನ್ನಿಸುತ್ತದೆ. ಸುತ್ತಗಳನ್ನೇ ತೆರೆದು ನೋಡೋಣ.

ಮೊದಲಿಗೆ ಶೀಲದ ಲೆಕ್ಕ. ಪಂಚಶೀಲದಲ್ಲಿ ಹಾಡು, ಕುಣಿತ, ವಾದ್ಯದ ಮಾತೇ ಇಲ್ಲ. ಅಟ್ಠಶೀಲದಲ್ಲಿ ಇದೆ, ಏಳನೆಯದರಲ್ಲಿ. ಉಪೋಸಥದ ದಿನ ಬಿಳಿ ಬಟ್ಟೆ ಉಟ್ಟು ಎಂಟು ಶೀಲ ತೆಗೆದುಕೊಂಡವರು ಆ ಒಂದು ಹಗಲು ರಾತ್ರಿ ಹಾಡು ಕುಣಿತಗಳಿಂದ ದೂರ ಇರುತ್ತಾರೆ. ಅದು ಅವರು ತಾವಾಗಿ ಒಪ್ಪಿಕೊಂಡ ವ್ರತ. ಪೂರ್ಣಿಮೆಯ ರಾತ್ರಿ ಅವರನ್ನು ಬಲವಂತವಾಗಿ ವೇದಿಕೆಯ ಮುಂದೆ ಕೂರಿಸುವುದು ಬೇಡ. ಹಾಗೆಯೇ ಅವರೂ ಪಂಚಶೀಲದ ಉಪಾಸಕರನ್ನು ನೋಡಿ ಮುಖ ಸಿಂಡರಿಸುವುದು ಬೇಡ. ಭಿಕ್ಖುವಿನ ನಿಯಮ ಬೇರೆ, ಗೃಹಸ್ಥರ ನಿಯಮ ಬೇರೆ ಎಂಬ ಅಂತರವನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಿಡಿಸಿಯೇ ಬರೆದಿದ್ದಾರೆ.

ಈಗ ಸಿಂಗಾಲೋವಾದ ಸುತ್ತಕ್ಕೆ ಬರೋಣ. ಗೃಹಸ್ಥರ ವಿನಯ ಎಂದೇ ಹೆಸರಾದ ಸುತ್ತ ಇದು. ರಾಜಗೃಹದಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಸಿಂಗಾಲ ಎಂಬ ಗೃಹಸ್ಥನ ಮಗನಿಗೆ ಬುದ್ಧರು ಹೇಳಿದ್ದು. ಸಂಪತ್ತು ಸೋರಿ ಹೋಗುವ ಆರು ದಾರಿಗಳನ್ನು ಅಲ್ಲಿ ಹೇಳುತ್ತಾರೆ. ಕುಡಿತ ಒಂದು, ಜೂಜು ಒಂದು, ಹೊತ್ತಲ್ಲದ ಹೊತ್ತಿನಲ್ಲಿ ಬೀದಿ ಸುತ್ತುವುದು ಒಂದು. ಅದೇ ಪಟ್ಟಿಯಲ್ಲಿ ‘ಸಮಜ್ಜ’ಗಳಿಗೆ, ಅಂದರೆ ಬಯಲಿನ ಉತ್ಸವಗಳಿಗೆ ಅಲೆಯುವುದೂ ಇದೆ. ಹಾಡು ಬೇಡ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ.

ಆದರೆ ಉತ್ಸವದ ಅಲೆದಾಟದಲ್ಲಿ ಏನು ಕೆಡುಕು ಎಂದು ಬುದ್ಧರು ವಿವರಿಸುವ ಬಗೆಯನ್ನು ಗಮನಿಸಿ. ಅಲ್ಲಿ ಆರು ಕೆಡುಕುಗಳಿವೆ, ಆರೂ ಪ್ರಶ್ನೆಗಳು. ಕುಣಿತ ಎಲ್ಲಿದೆ, ಹಾಡು ಎಲ್ಲಿದೆ, ವಾದ್ಯ ಎಲ್ಲಿದೆ, ಕಥೆ ಹೇಳುವುದು ಎಲ್ಲಿ, ಚಪ್ಪಾಳೆಯ ತಾಳ ಎಲ್ಲಿ, ಮಡಕೆವಾದ್ಯ ಎಲ್ಲಿ. ಕುಡಿತದ ವಿಷಯ ಬಂದಾಗ ರೋಗ, ಜಗಳ, ಮಾನಹಾನಿ ಎಂದು ಪರಿಣಾಮಗಳನ್ನು ಎಣಿಸಿದವರು ಇಲ್ಲಿ ಮಾತ್ರ ಎಲ್ಲಿ, ಎಲ್ಲಿ ಎಂಬ ಮಾತನ್ನೇ ಇಟ್ಟಿದ್ದಾರೆ. ಒಂದು ಕಡೆ ಕೂತಿದ್ದರೂ ಮನಸ್ಸು ಇನ್ನೊಂದು ಕಡೆ ಏನಾಗುತ್ತಿದೆ ಎಂದು ಓಡುತ್ತಿರುತ್ತದೆ. ಅಲ್ಲಿಗೆ ಹೋದ ಮೇಲೆ ಮತ್ತೊಂದು ಕಡೆಗೆ. ಇಂಥವನು ಹಾಡು ಎಲ್ಲಿದೆ ಎಂದು ರಾತ್ರಿಯೆಲ್ಲ ಕೇಳಿದ, ಹಾಡನ್ನು ಮಾತ್ರ ಕೇಳಲಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಎಂಬ ಒಂದೇ ಪದ ಇರುವುದು ನಮ್ಮ ಭಾಗ್ಯ, ಈ ಸುತ್ತವನ್ನು ಮಕ್ಕಳಿಗೆ ಹೇಳಿಕೊಡುವುದು ಸುಲಭ.

ಬುದ್ಧರೇ ಬಯಲಲ್ಲಿ ಹಾಡು ಕೇಳಿದ ಪ್ರಸಂಗವೂ ಇದೆ. ದೀಘನಿಕಾಯದ ಸಕ್ಕಪಞ್ಹ ಸುತ್ತ. ಮಗಧದಲ್ಲಿ ರಾಜಗೃಹದ ಪೂರ್ವಕ್ಕೆ ಅಂಬಸಂಡ ಎಂಬ ಊರು, ಅದರ ಉತ್ತರಕ್ಕೆ ವೇದಿಯಕ ಬೆಟ್ಟ, ಅಲ್ಲಿ ಇಂದಸಾಲ ಗುಹೆ. ಬುದ್ಧರು ಅಲ್ಲಿದ್ದಾಗ ಪಂಚಸಿಖ ಎಂಬ ಗಾಯಕ ಬಿಲ್ವದ ಮರದ ಹಳದಿ ವೀಣೆ ಹಿಡಿದು ಬರುತ್ತಾನೆ. ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ, ದನಿ ಮುಟ್ಟುವಷ್ಟು ದೂರದಲ್ಲಿ ನಿಂತು ಹಾಡುತ್ತಾನೆ. ಪಂಚಸಿಖ ಗಂಧರ್ವ, ಅವನನ್ನು ಕಳಿಸಿದವನು ಸಕ್ಕ ಎಂದೆಲ್ಲ ಸುತ್ತದಲ್ಲಿದೆ. ಅದು ಆ ಕಾಲದ ಕಥೆಯ ಉಡುಪು, ಬದಿಗಿಡೋಣ. ವಿಚಾರಕ್ಕೆ ಒಪ್ಪುವ, ಜನರ ಹಿತಕ್ಕೆ ಸಂಬಂಧಪಟ್ಟ ಮಾತನ್ನಷ್ಟೇ ಬುದ್ಧವಚನವೆಂದು ತೆಗೆದುಕೊಳ್ಳಿ ಎಂಬ ಅಳತೆಗೋಲನ್ನು ಬಾಬಾಸಾಹೇಬರು ಕೊಟ್ಟಿದ್ದಾರೆ. ಆ ಅಳತೆಯಲ್ಲಿ ಉಳಿಯುವುದು ಇಷ್ಟು: ಒಬ್ಬ ಹಾಡಿದ, ಬುದ್ಧರು ಕೇಳಿದರು.

ಆ ಹಾಡು ಏನೆಂದು ಗೊತ್ತೇ? ಪ್ರೇಮಗೀತೆ. ತಾನು ಮೆಚ್ಚಿದ ಹುಡುಗಿಯನ್ನು ನೆನೆದು ಕಟ್ಟಿದ್ದು, ನಡುನಡುವೆ ಅರಹಂತರ ಹೆಸರೂ ಬರುತ್ತದೆ. ಬುದ್ಧರು ಗದರಿಸಲಿಲ್ಲ. ನಿನ್ನ ತಂತಿಯ ದನಿ ಹಾಡಿಗೆ ಹೊಂದುತ್ತದೆ, ಹಾಡಿನ ದನಿ ತಂತಿಗೆ ಹೊಂದುತ್ತದೆ, ಒಂದು ಇನ್ನೊಂದನ್ನು ಮುಚ್ಚಿಹಾಕುವುದಿಲ್ಲ ಎಂಬರ್ಥದ ಮೆಚ್ಚುಗೆ ಹೇಳಿದರು. ಆಮೇಲೆ, ಇದನ್ನು ಯಾವಾಗ ಕಟ್ಟಿದೆ ಎಂದು ವಿಚಾರಿಸಿದರು. ಮೆಚ್ಚುಗೆಯನ್ನು ಇನ್ನೊಮ್ಮೆ ನೋಡಿ. ಸುಮ್ಮನೆ ಚೆನ್ನಾಗಿತ್ತಪ್ಪ ಎಂದು ಬೆನ್ನು ತಟ್ಟಿ ಕಳಿಸಿದ ಮಾತಲ್ಲ. ತಂತಿಯನ್ನೂ ಕಂಠವನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಂಡು, ಎರಡರ ಹೊಂದಾಣಿಕೆಯನ್ನು ಗುರುತಿಸಿದವರು ಮಾತ್ರ ಹೀಗೆ ಹೇಳಬಲ್ಲರು. ನಮ್ಮ ಕಾರ್ಯಕ್ರಮಗಳಲ್ಲಿ ಢೋಲಕ್‌ನವರು ಹಾಡುವವರ ಗಂಟಲನ್ನೇ ನುಂಗಿಹಾಕುತ್ತಾರೆ. ಪಂಚಸಿಖನಿಗೆ ಸಿಕ್ಕ ಮೆಚ್ಚುಗೆಯನ್ನು ಅವರ ಕಿವಿಗೂ ಹಾಕಬೇಕು!

ಸೋಣನ ಕಥೆ ನಿಮಗೆಲ್ಲ ಗೊತ್ತಿರುವುದೇ. ಕಾಲಲ್ಲಿ ರಕ್ತ ಬರುವವರೆಗೆ ಚಂಕ್ರಮಣ ಮಾಡಿ ಬೇಸತ್ತಿದ್ದವನಿಗೆ ಬುದ್ಧರು, ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಬಿಗಿಯಾದರೆ ಏನಾಗುತ್ತಿತ್ತು, ಸಡಿಲಾದರೆ ಏನಾಗುತ್ತಿತ್ತು ಎಂದು ಕೇಳಿದರು. ಅವನ ಸಂಗೀತದ ಕಿವಿಯೇ ಅಲ್ಲಿ ಧಮ್ಮಕ್ಕೆ ಉಪಯೋಗಕ್ಕೆ ಬಂತು.

ಹಾಗಾದರೆ ಸುಖವನ್ನು ಏನು ಮಾಡಬೇಕು? ಅಂಗುತ್ತರ ನಿಕಾಯದಲ್ಲಿ ಬುದ್ಧರು ತಮ್ಮ ಹುಡುಕಾಟದ ಬಗ್ಗೆ ಹೇಳುವಾಗ ಮೂರು ಪದ ಬಳಸುತ್ತಾರೆ: ಅಸ್ಸಾದ, ಆದೀನವ, ನಿಸ್ಸರಣ. ಅಸ್ಸಾದ ಎಂದರೆ ಆಸ್ವಾದ, ರುಚಿ. ಆದೀನವ ಎಂದರೆ ಅದರಲ್ಲಿರುವ ಕೆಡುಕು. ನಿಸ್ಸರಣ ಎಂದರೆ ಬಿಡುಗಡೆ. ನಮ್ಮ ಪ್ರವಚನಗಳಲ್ಲಿ ಎರಡನೆಯ ಮತ್ತು ಮೂರನೆಯ ಪದಗಳೇ ಓಡಾಡುತ್ತವೆ. ಮೊದಲನೆಯದನ್ನು ಹಾರಿಸಿಬಿಡುತ್ತಾರೆ. ಬುದ್ಧರು ಹಾರಿಸಲಿಲ್ಲ. ಲೋಕದಲ್ಲಿ ರುಚಿ ಎಷ್ಟಿದೆಯೋ ಅಷ್ಟನ್ನೂ ಪ್ರಜ್ಞೆಯಿಂದ ಕಂಡುಕೊಂಡೆ ಎಂಬರ್ಥದಲ್ಲಿ ಹೇಳಿದ್ದಾರೆ. ರುಚಿಯೇ ಇಲ್ಲದಿದ್ದರೆ ಜನ ಅಂಟಿಕೊಳ್ಳುತ್ತಿರಲಿಲ್ಲ ಎಂದೂ ಹೇಳಿದ್ದಾರೆ. ರುಚಿಯನ್ನು ನೋಡದೆ ಕೆಡುಕನ್ನು ಮಾತ್ರ ಬಾಯಿಪಾಠ ಮಾಡಿದವನಿಗೆ ತಾನು ಏನನ್ನು ಬಿಟ್ಟೆ ಎಂಬುದೇ ಗೊತ್ತಿರುವುದಿಲ್ಲ.

ಹಾಡಿನ ರುಚಿ ಎಂದರೆ ಏನು, ಅದು ಬರುವುದು ಎಲ್ಲಿಂದ? ಇದಕ್ಕೆ ಸಂಯುತ್ತ ನಿಕಾಯದ ವೀಣೆಯ ಉಪಮೆ ನೋಡಬೇಕು. ವೀಣೆಯ ದನಿಯನ್ನು ಎಂದೂ ಕೇಳದ ಒಬ್ಬ ರಾಜ ಮೊದಲ ಬಾರಿಗೆ ಅದನ್ನು ಕೇಳಿ ಮರುಳಾದ. ಇದೇನು ಎಂದು ವಿಚಾರಿಸಿದ. ವೀಣೆ ತಂದುಕೊಟ್ಟರು. ವೀಣೆ ಯಾರಿಗೆ ಬೇಕು, ಆ ದನಿಯನ್ನು ತನ್ನಿ ಎಂದ. ಕೊಡ, ಚರ್ಮ, ದಂಡ, ತಂತಿ, ಮೀಟುವ ಕಡ್ಡಿ, ಅದರ ಜೊತೆಗೆ ಮನುಷ್ಯನ ಪ್ರಯತ್ನ, ಇಷ್ಟೆಲ್ಲ ಕೂಡಿದಾಗ ದನಿ ಹುಟ್ಟುತ್ತದೆ ಸ್ವಾಮಿ ಎಂದು ವಿವರಿಸಿದರೂ ಅವನಿಗೆ ಸಮಾಧಾನವಾಗಲಿಲ್ಲ. ವೀಣೆಯನ್ನು ಚೂರು ಚೂರು ಮಾಡಿದ, ಸೀಳಿದ, ಸುಟ್ಟ, ಬೂದಿಯನ್ನು ಗಾಳಿಗೆ ತೂರಿದ. ದನಿ ಸಿಗಲಿಲ್ಲ. ಕೊನೆಗೆ, ವೀಣೆ ಎಂಬುದು ಏನೂ ಅಲ್ಲದ ವಸ್ತು, ಜನ ಸುಮ್ಮನೆ ಮೋಸಹೋಗಿದ್ದಾರೆ ಎಂದು ತೀರ್ಪು ಕೊಟ್ಟ.

‘ನಾನು’ ಎಂಬುದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ ಎಂದು ತೋರಿಸಲು ಬುದ್ಧರು ಕೊಟ್ಟ ಉಪಮೆ ಇದು. ಆದರೂ ಬೇಸಿಗೆಯ ರಾತ್ರಿಯ ನಮ್ಮ ಬಯಲಿಗೂ ಇದನ್ನು ತರಬಹುದು. ತಮಟೆಯ ದನಿ ಎಲ್ಲಿದೆ? ಚರ್ಮದಲ್ಲಿಯೇ ಇದ್ದರೆ ಕಾಯಿಸುವ ಮೊದಲೂ ಅದೇ ದನಿ ಬರಬೇಕಿತ್ತು. ಕಾವಿಗೆ ಚರ್ಮ ಬಿಗಿಯಾಗಬೇಕು. ಮಳೆಗಾಲದಲ್ಲಿ ಬೇಗ ಸಡಿಲಾಗುತ್ತದೆ, ಬೇಸಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೋಲು ಬೇಕು, ಬಾರಿಸುವ ತೋಳಿನಲ್ಲಿ ಶಕ್ತಿ ಬೇಕು, ಎದುರಿಗೆ ಕುಣಿಯುವ ಕಾಲು ಬೇಕು. ಕೇಳುವ ಕಿವಿಯೂ ಬೇಕು. ಇಷ್ಟೂ ಒಂದು ಕ್ಷಣ ಕೂಡಿ ಬಂದು ಬಿಟ್ಟುಹೋಗುತ್ತವೆ. ಪಟಿಚ್ಚಸಮುಪ್ಪಾದವನ್ನು ಪುಸ್ತಕದಲ್ಲಿ 12 ಕೊಂಡಿಗಳಾಗಿ ಬಾಯಿಪಾಠ ಮಾಡಿದವರಿಗೆ ಇಲ್ಲಿ ಅದು ಕಿವಿಗೇ ಕೇಳುತ್ತದೆ.

ಮೊಬೈಲ್ ಎತ್ತಿ ಹಿಡಿದು ಹಾಡು ಪೂರ್ತಿ ರೆಕಾರ್ಡ್ ಮಾಡುವವರನ್ನು ಕಂಡಾಗ ಆ ರಾಜ ನೆನಪಾಗುತ್ತಾನೆ. ಅವನು ವೀಣೆಯನ್ನು ಸೀಳಿದ, ಇವರು ಹಾಡನ್ನು ಫೋನಿನೊಳಗೆ ತುಂಬಿಕೊಂಡು ಮನೆಗೆ ಹೋಗುತ್ತಾರೆ. ಮರುದಿನ ತೆರೆದು ನೋಡಿದರೆ ಮುಂದಿದ್ದವರ ತಲೆ, ಒಡೆದ ದನಿ. ಮೂರನೇ ದಿನ ಸ್ಟೋರೇಜ್ ತುಂಬಿತೆಂದು ಅಳಿಸುತ್ತಾರೆ. ದಾಖಲೆ ಬೇಡ ಎಂದು ಹೇಳುತ್ತಿಲ್ಲ. ನಮ್ಮ ಹಾಡುಗಳಲ್ಲಿ ಬಹುಪಾಲು ಬರೆದಿಡದೇ ಹೋಗಿವೆ, ದಾಖಲೆ ಖಂಡಿತ ಬೇಕು. ಒಬ್ಬರು ಚೆನ್ನಾಗಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದರೆ ಆಯಿತು. ಉಳಿದ ನೂರು ಜನ ಕೇಳಲಿ.

ಇನ್ನು ಈ ಮಾತಿನ ಕಷ್ಟದ ಭಾಗಕ್ಕೆ ಬರೋಣ. ಬಯಲಲ್ಲಿ ಕೂತು ಹಾಡು ಕೇಳುವುದು ಬೇರೆಯವರಿಗೆ ಬರೀ ಮನರಂಜನೆ ಇರಬಹುದು, ನಮ್ಮ ಚರಿತ್ರೆಯಲ್ಲಿ ಅದು ಅಷ್ಟು ಸಲೀಸಾಗಿ ಬಂದದ್ದಲ್ಲ. ತಲೆಮಾರುಗಳ ಕಾಲ ನಮ್ಮವರು ತಮಟೆ ಬಾರಿಸಿದ್ದು ಊರಿನವರ ಸಾವಿಗೆ, ಊರಿನವರ ಜಾತ್ರೆಗೆ, ಊರಿನವರು ಹೇಳಿದ ಡಂಗುರಕ್ಕೆ. ಬಾರಿಸಿದವರು ಗುಡಿಯ ಹೊರಗೆ ನಿಂತರು. ಕೂಲಿಯೆಂದು ಸಿಕ್ಕಿದ್ದು ಮಿಕ್ಕ ಅನ್ನ, ಒಂದಿಷ್ಟು ಕಾಳು. ಒಲ್ಲೆ ಎಂದರೆ ಬಹಿಷ್ಕಾರ. ನಾದ ನಮ್ಮ ಕೈಯದು, ಸಂತೋಷ ಇನ್ನೊಬ್ಬರದು. 1956ರ ಅಕ್ಟೋಬರ್ 14ರ ನಂತರ ಮಹಾರಾಷ್ಟ್ರದ ಹಲವು ಊರುಗಳಲ್ಲಿ ಧಮ್ಮ ಸ್ವೀಕರಿಸಿದವರು ಊರ ಜಾತ್ರೆಗೆ ವಾದ್ಯ ಬಾರಿಸುವುದನ್ನು ನಿಲ್ಲಿಸಿದ್ದು ಈ ಕಾರಣಕ್ಕೇ.

ಆದ್ದರಿಂದ ತಮಟೆಯನ್ನು ಮುಟ್ಟಲೇಬಾರದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ನೋವು ಸುಳ್ಳಲ್ಲ, ಅವರ ಎದುರಿಗೆ ವಾದ ಮಾಡಿ ಗೆಲ್ಲುವ ವಿಷಯವೂ ಅಲ್ಲ. ಕರ್ನಾಟಕದಲ್ಲಿ ದಲಿತ ಚಳವಳಿ ಬೇರೆ ದಾರಿ ಹಿಡಿಯಿತು. 1970ರ ದಶಕದಿಂದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಊರೂರಿಗೆ ಒಯ್ದ ಹುಡುಗರು ಅದೇ ತಮಟೆಯನ್ನು ಹೋರಾಟದ ಮುಂದಿನ ಸಾಲಿಗೆ ತಂದರು. ಮಹಾರಾಷ್ಟ್ರದಲ್ಲಿ ಅದಕ್ಕೂ ಮೊದಲೇ ಭೀಮರಾವ್ ಕರ್ಡಕರ ಜಲಸಾ ಊರಿಂದ ಊರಿಗೆ ನಡೆದಿತ್ತು. ತಮ್ಮ ಹತ್ತು ಭಾಷಣಕ್ಕೆ ಒಂದು ಜಲಸಾ ಸಮ ಎಂದು ಬಾಬಾಸಾಹೇಬರು ಮೆಚ್ಚಿಕೊಂಡಿದ್ದರೆಂದು ಶಾಹೀರರು ಇಂದಿಗೂ ಹೇಳಿಕೊಳ್ಳುತ್ತಾರೆ. ಆಮೇಲೆ ಬಂದ ವಾಮನದಾದಾ ಕರ್ಡಕ್ ಅವರು 2004ರಲ್ಲಿ ತೀರಿಕೊಳ್ಳುವವರೆಗೆ ಸಾವಿರಾರು ಹಾಡು ಕಟ್ಟಿದರು. ಬಾಬಾಸಾಹೇಬರಿಗೇ ಸಂಗೀತದ ಒಲವಿತ್ತು, ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು ಅವರು. ಸಂವಿಧಾನದಷ್ಟು ಕೆಲಸ ತಲೆಯ ಮೇಲಿದ್ದ ಮನುಷ್ಯನಿಗೂ ತಂತಿಯ ದನಿ ಬೇಕಾಗಿತ್ತು.

ನಮ್ಮ ಅಭಿಪ್ರಾಯ ಹೇಳುವುದಾದರೆ, ವಾದ್ಯವನ್ನು ಅಳೆಯುವ ಮೊದಲು ಎರಡು ಪ್ರಶ್ನೆ ಸಾಕು. ಬಾರಿಸು ಎಂದು ಹೇಳಿದವರು ಯಾರು? ಒಲ್ಲೆ ಎನ್ನುವ ಸ್ವಾತಂತ್ರ್ಯ ಬಾರಿಸುವವನಿಗೆ ಇದೆಯೇ? ಇದ್ದರೆ ಅದು ಕಲೆ. ಇಲ್ಲದಿದ್ದರೆ ಬಿಟ್ಟಿಚಾಕರಿ, ಅದಕ್ಕೆ ಎಷ್ಟೇ ಚಂದದ ಹೆಸರಿಟ್ಟರೂ.

ಅಶೋಕನಿಗೂ ಇದೇ ತೊಡಕು ಎದುರಾಗಿತ್ತು ಎಂದು ಕಾಣುತ್ತದೆ. ಅವನ ಮೊದಲನೆಯ ಬಂಡೆಗಲ್ಲು ಶಾಸನ ಗಿರ್ನಾರ್ ಮೊದಲಾದ ಕಡೆ ಸಿಕ್ಕಿದೆ. ಅದರಲ್ಲಿ ಪ್ರಾಣಿಗಳನ್ನು ಬಲಿಕೊಡಬೇಡಿ, ಸಮಾಜ ಎಂಬ ಉತ್ಸವಕೂಟಗಳನ್ನು ನಡೆಸಬೇಡಿ, ಅವುಗಳಲ್ಲಿ ಬಹಳ ದೋಷವಿದೆ ಎಂದಿದ್ದಾನೆ. ಅಲ್ಲಿಗೇ ನಿಲ್ಲಿಸಲಿಲ್ಲ. ಒಳ್ಳೆಯವೆಂದು ತಾನು ಒಪ್ಪುವ ಕೆಲವು ಕೂಟಗಳೂ ಇವೆ ಎಂದು ಅದೇ ಶಾಸನದಲ್ಲಿ ಸೇರಿಸಿದ್ದಾನೆ. ಚಕ್ರವರ್ತಿಗೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಷೇಧಿಸುವುದು ಸುಲಭವಿತ್ತು.

ನಮ್ಮ ಕೂಟಗಳಲ್ಲಿ ದೋಷ ಇಲ್ಲವೇ? ಇದೆ. ಜಯಂತಿಯ ಮೆರವಣಿಗೆಯಲ್ಲಿ ಡಿಜೆಯ ಹಿಂದೆ ಕುಡಿದು ತೂರಾಡುವವರನ್ನು ನಾವೆಲ್ಲ ನೋಡಿದ್ದೇವೆ. ಮಾದಕ ಪದಾರ್ಥ ಮುಟ್ಟುವುದಿಲ್ಲ ಎಂಬುದು 22 ಪ್ರತಿಜ್ಞೆಗಳಲ್ಲಿ ಒಂದು. ಬಾಬಾಸಾಹೇಬರ ಚಿತ್ರದ ಮುಂದೆಯೇ ಅದನ್ನು ಮುರಿಯುವುದನ್ನು ಹಬ್ಬ ಎನ್ನಲಾಗದು. ಎದೆ ನಡುಗಿಸುವ ಡಿಜೆ ದನಿಯಲ್ಲಿ ಹಾಡಿನ ಮಾತು ಯಾರಿಗೂ ಕೇಳುವುದಿಲ್ಲ. ಕಟ್ಟಿದವನು ಏನನ್ನು ನೆನೆದು ಕಟ್ಟಿದ ಎಂಬುದು ತಿಳಿಯುವುದೇ ಇಲ್ಲ. ಇನ್ನೊಂದು ವ್ಯವಹಾರದ ಮಾತು: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಈ ನಿಯಮ ಹಲವು ಊರುಗಳಲ್ಲಿ ನಮ್ಮ ಮೈಕಿಗೆ ಮಾತ್ರ ನೆನಪಾಗುತ್ತದೆ ಎಂಬ ದೂರು ಇದೆ, ದೂರು ನಿಜವೂ ಇರಬಹುದು. ಆದ್ದರಿಂದಲೇ ಏಳಕ್ಕೆ ಶುರುಮಾಡಿ, ಅನುಮತಿ ಲಿಖಿತವಾಗಿ ಪಡೆಯಿರಿ, ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಕೇರಿಯಲ್ಲಿ ಹಸುಗೂಸುಗಳೂ ರೋಗಿಗಳೂ ಇರುತ್ತಾರೆ, ಅವರ ನಿದ್ದೆಯೂ ಲೆಕ್ಕಕ್ಕೆ ಬರಬೇಕು.

ಮತ್ತೆ ಹೆಣ್ಣುಮಕ್ಕಳ ವಿಷಯ. ಕಾರ್ಯಕ್ರಮ ಏಳಕ್ಕೆ ಶುರುವಾದರೆ ಅವರು ಬರುವುದು ಎಂಟೂವರೆಗೆ, ರೊಟ್ಟಿ ಬಡಿದು, ಪಾತ್ರೆ ತೊಳೆದು. ಹಿಂದೆ ನಿಂತು ಎರಡು ಹಾಡು ಕೇಳಿ, ಮಗು ಅತ್ತಿತೆಂದು ಹೊರಡುತ್ತಾರೆ. ಕ್ಷಣವನ್ನು ಸವಿಯಿರಿ ಎಂದು ಅವರಿಗೆ ಉಪದೇಶ ಮಾಡುವ ಮೊದಲು ಆ ಕ್ಷಣ ಅವರ ಕೈಗೆ ಸಿಗಬೇಕು. ಆವತ್ತು ಒಂದು ದಿನ ಗಂಡಸರು ಅಡುಗೆ ಮುಗಿಸಲಿ, ಮಗುವನ್ನು ಎತ್ತಿಕೊಳ್ಳಲಿ. ಮುದಿತಾ ಭಾವನೆಯನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತೇವೆ, ಕಣ್ಣು ತೆರೆದೂ ಹೀಗೆ ಮಾಡಬಹುದು.

ಉಪತಿಸ್ಸ, ಕೋಲಿತ ಎಂಬ ಗೆಳೆಯರ ಕಥೆಯೂ ಇಲ್ಲಿ ನೆನೆಯಬೇಕಾದದ್ದು. ಮುಂದೆ ಸಾರಿಪುತ್ತ, ಮೊಗ್ಗಲ್ಲಾನ ಎಂದು ಹೆಸರಾದವರು. ರಾಜಗೃಹದಲ್ಲಿ ಗಿರಗ್ಗಸಮಜ್ಜ ಎಂಬ ಬೆಟ್ಟದ ಉತ್ಸವ ನಡೆಯುತ್ತಿತ್ತು. ಇಬ್ಬರೂ ಜೊತೆಯಲ್ಲಿ ಕೂತು ನೋಡುತ್ತಿದ್ದರು, ನಗುವ ಕಡೆ ನಗುತ್ತಿದ್ದರು, ಕಲಾವಿದರಿಗೆ ಕೊಡುವ ಕಡೆ ಕೊಡುತ್ತಿದ್ದರು. ಒಂದು ದಿನ ನಗು ಬರಲಿಲ್ಲ. ಇನ್ನು ನೂರು ವರ್ಷ ಕಳೆಯುವಷ್ಟರಲ್ಲಿ ಇಲ್ಲಿರುವವರು ಯಾರೂ ಇರುವುದಿಲ್ಲವಲ್ಲ ಎಂದು ಇಬ್ಬರಿಗೂ ಒಟ್ಟಿಗೆ ಅನಿಸಿತು. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಈ ಕಥೆಯನ್ನು ಸಾಮಾನ್ಯವಾಗಿ ಆಟಪಾಟಗಳನ್ನು ಬಿಟ್ಟುಬಿಡಿ ಎನ್ನಲು ಬಳಸುತ್ತಾರೆ. ನಮಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಅವರಿಗೆ ಅನಿಚ್ಚ ಹೊಳೆದದ್ದು ಗುಹೆಯಲ್ಲಲ್ಲ, ಜನರ ನಡುವೆ, ಹಾಡಿನ ಎದುರಿಗೆ. ಅದನ್ನು ಹೊಳೆಯಿಸಿಕೊಳ್ಳುವಷ್ಟು ಎಚ್ಚರವಾಗಿ ಅವರು ಕೂತಿದ್ದರು.

ನಮಗೂ ಈ ಪಾಠ ಆಗಿದೆ. 2020ರ ಏಪ್ರಿಲ್ 14ರಂದು ದೇಶವೇ ಬಾಗಿಲು ಹಾಕಿತ್ತು, ಬಯಲು ಖಾಲಿ, ಮನೆಯಲ್ಲೇ ಮೋಂಬತ್ತಿ ಹಚ್ಚಿ ವಂದನೆ ಮಾಡಿದೆವು. ಮರುವರ್ಷದ ಬೇಸಿಗೆ ಅದಕ್ಕಿಂತ ಕ್ರೂರ. 2021ರ ಜೂನಿನಲ್ಲಿ ಸಿದ್ಧಲಿಂಗಯ್ಯನವರೂ ಕೊರೋನಾಕ್ಕೆ ಬಲಿಯಾದರು. ಪ್ರತಿ ಕೇರಿಯಲ್ಲೂ ಒಬ್ಬರೋ ಇಬ್ಬರೋ ಹಾಡುವವರು, ಬಾರಿಸುವವರು, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದವರು ಹೋದರು. ಅವರ ಜೊತೆ ಕೂತು ಕೇಳಿದ ಕೊನೆಯ ಹಾಡು ಯಾವುದೆಂದು ಹೇಳಿ ನೋಡೋಣ. ಬಹಳ ಜನರಿಗೆ ನೆನಪಿಲ್ಲ.

ಈ ಬಾರಿ ಬಯಲಲ್ಲಿ ಕೂತಾಗ ಒಂದು ಹಾಡಿಗಷ್ಟೇ ಹೀಗೆ ಮಾಡಿ ನೋಡಿ. ಫೋನ್ ಜೇಬಿನಲ್ಲಿರಲಿ. ಮೊದಲು ಕೂತ ನೆಲದ ಕಾವು ಗಮನಕ್ಕೆ ಬರಲಿ, ಆಮೇಲೆ ಗಾಳಿ. ಹಾಡಿನಲ್ಲಿ ಎಲ್ಲಕ್ಕಿಂತ ಸಣ್ಣ ದನಿ ಯಾವುದು ಎಂದು ಹುಡುಕಿ, ಹಾರ್ಮೋನಿಯಂನ ತಿದಿಯ ಉಸಿರು ಇರಬಹುದು, ತಾಳದ ಕೊನೆಯ ಗುಂಗು ಇರಬಹುದು. ಹಿತ ಎನಿಸಿದಾಗ ಇದು ಸುಖ ವೇದನೆ ಎಂದು ತಿಳಿದುಕೊಳ್ಳಿ, ಅದನ್ನು ತಳ್ಳಬೇಡಿ. ಹಾಡು ಮುಗಿಯುವ ಹೊತ್ತಿಗೆ ‘ಇನ್ನೊಂದ್ಸಲ’ ಎಂದು ಮನಸ್ಸು ಚಾಚುತ್ತದೆ. ಆ ಚಾಚುವಿಕೆ ಶುರುವಾಗುವ ಜಾಗವನ್ನು ಹಿಡಿಯಲು ಆಗುತ್ತದೆಯೇ ನೋಡಿ. ವೇದನೆಯಿಂದ ತೃಷ್ಣೆಗೆ ಹೋಗುವ ಕೊಂಡಿ ಅದೇ. ಪಕ್ಕದಲ್ಲಿ ಕೂತವರ ಮುಖವನ್ನೂ ಒಮ್ಮೆ ನೋಡಿ.

ಭಾನುವಾರದ ಅಧ್ಯಯನದಲ್ಲಿ ಸಿಂಗಾಲೋವಾದ ಸುತ್ತದ ಈ ಭಾಗವನ್ನು ಓದುತ್ತೇವೆ. ತಮಟೆಯ ಬಗ್ಗೆ ಬೇರೆ ಅಭಿಪ್ರಾಯ ಇರುವ ಹಿರಿಯರು ದಯವಿಟ್ಟು ಬನ್ನಿ, ನಿಮ್ಮ ಅನುಭವವನ್ನು ಎಳೆಯರು ಕೇಳಬೇಕು. ಓದು ಮುಗಿದ ಮೇಲೆ ಅಂಗಳದಲ್ಲೇ ಒಂದಷ್ಟು ಹಾಡು. ಮನೆಯಲ್ಲಿ ಹಾರ್ಮೋನಿಯಂ ಇದ್ದವರು ತನ್ನಿ, ಚುರುಮುರಿ, ಮಜ್ಜಿಗೆ ನಮ್ಮ ಕಡೆಯಿಂದ.

ನಮೋ ಬುದ್ಧಾಯ. ಜೈ ಭೀಮ್.